ಎಡಕ್ಕೆ ಬಿದ್ದ ಹೂವು

ಜನವರಿ 6, 1984, ಶುಕ್ರವಾರ

ಕಣಗಿಲೆ ಸಾಲಲಿಲ್ಲ. ಬೆಳಗಾಗುವ ಮೊದಲೇ ಯಾವ ಪುಣ್ಯಾತ್ಗಿತ್ತಿ ಹಿತ್ತಲ ಗಿಡ ಬೋಳಿಸಿಕೊಂಡು ಹೋಗಿದ್ದಳೋ. ಸೇವಂತಿಗೆ ನೆನೆಹಾಕಿದೆ. ಹೂ ಕೇಳಲು ಬಂದವರು ಇವತ್ತು ಜಾಸ್ತಿ. ಪೀಣ್ಯದ ಕಡೆಯ ಹೊಲವನ್ನು ಶೆಡ್ ಹಾಕುವವರಿಗೆ ಕೊಡಲೋ ಬೇಡವೋ ಅಂತ ವೆಂಕಟಪ್ಪ. ಮಗನ ಸಂಬಂಧಕ್ಕೆ ಭದ್ರಮ್ಮ. ಎಂದಿನಂತೆ ನಾನು ನಮ್ಮ ಗುಡಿಯ ಸಪ್ಪಲಮ್ಮನ ಎರಡು ಭುಜಕ್ಕೂ ಒದ್ದೆ ಹೂ ಹಚ್ಚಿದೆ, ಇವರು ಕಣ್ಣು ಮುಚ್ಚಿ ಕೇಳಿದರು. ಬಲದ ಹೂ ಬಿದ್ದರೆ ಆಗಲಿ, ಎಡದ್ದು ಬಿದ್ದರೆ ಬೇಡ. ವೆಂಕಟಪ್ಪನಿಗೆ ಎಡ, ಭದ್ರಮ್ಮನಿಗೆ ಬಲ. ಈ ಮನೆಯಲ್ಲಿ ಹೂ ಹಚ್ಚುವುದು ಸೊಸೆ, ಕೇಳುವುದು ಪೂಜಾರಿ. ಅತ್ತೆಯ ಕೈಯಿಂದ ಆ ಕೆಲಸ ನನ್ನ ಕೈಗೆ ಬಂದು ಒಂಬತ್ತು ವರ್ಷ.

ಇವರಿಗೆ ಸೆಕೆಂಡ್ ಶಿಫ್ಟು. ಬೆಳಗ್ಗೆ ಪೂಜಾರಿ, ಮಧ್ಯಾಹ್ನದಿಂದ ಫ್ಯಾಕ್ಟರಿಯಲ್ಲಿ ಫಿಟ್ಟರ್ ರಾಮಾಂಜಿನಪ್ಪ. ಮುದ್ದೆ ಮುರಿಯುತ್ತಾ ಹೇಳಿದರು, "ಭಾನುವಾರ ಕಾಲೋನಿಗೆ ಹೋಗ್ಬೇಕು ಈಶ್ವರಿ. ಕೂಟ ಐತೆ."

ಮತ್ತೆ ಆ ಕೂಟ. ಇನ್ಸ್‌ಪೆಕ್ಷನ್ ಸೆಕ್ಷನ್ನಿನ ಶ್ಯಾಮಣ್ಣ ಜಾಲಹಳ್ಳಿ ಕಾಲೋನಿಯ ಲೈಬ್ರರಿಯಲ್ಲಿ ಶುರು ಮಾಡಿದ್ದು. ದೇವರು ಉಂಟೋ ಇಲ್ಲವೋ ಅಂತ ಪುಸ್ತಕ ಓದುವುದು, ವಾದ ಮಾಡುವುದು, ಟೀ ಕುಡಿಯುವುದು. ಶ್ಯಾಮಣ್ಣನ ಮನೆಯ ದೇವರ ಗೂಡಿನಲ್ಲಿ ರೇಡಿಯೋ ಇದೆಯಂತೆ! ಅಂಥವನ ಹತ್ತಿರ ನಮ್ಮ ಪೂಜಾರಪ್ಪನಿಗೇನು ಕೆಲಸ?

"ನಂಬೋರು ನಂಬಿಕೆ ಕೆಡಿಸೋ ಪುಸ್ತಕ ಯಾಕ್ರೀ ಓದ್ಬೇಕು?" ಅಂದೆ.

"ನಮ್ಮೋರ ಮಧ್ಯೆನೇ ಕೂತ್ಕಂಡು ನಂಬೋದು ಏನ್ ದೊಡ್ಡದು, ಬಿಡು," ಅಂದು ಕೈ ತೊಳೆದರು.

ಜನವರಿ 8, ಭಾನುವಾರ

ಹನ್ನೆರಡಕ್ಕೆ ಬರುತ್ತೇನೆ ಅಂದವರು ಬಂದಾಗ ಬಿಸಿಲು ಇಳಿದಿತ್ತು. ಮುಖವೋ, ಹೊಸ ಮದುವಣಿಗನ ಮುಖ. ಕೂಟದಲ್ಲಿ ಒಂದು ನಿಯಮ ಮಾಡಿದ್ದಾರಂತೆ. ನಂಬುವವರು ತಮ್ಮ ದೇವರ ವಿರುದ್ಧ ಮಾತಾಡಬೇಕು, ನಂಬದವರು ದೇವರ ಪರವಾಗಿ. ಶ್ಯಾಮಣ್ಣ ದೇವರ ಪರ ಮಾತಾಡಲು ಹೋಗಿ ಬೆವರಿದನಂತೆ. ಅದಕ್ಕೆ ನಾನೂ ನಕ್ಕೆ. ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು.

"ಮರಿಯಮ್ಮ ಅಂತ ಒಬ್ರು. ಟೈಪಿಂಗ್ ಸೆಕ್ಷನ್. ವೈಟ್‌ಫೀಲ್ಡ್ ಕಡೆಯೋರು, ಭಾನುವಾರ ಚರ್ಚು ಮುಗಿಸ್ಕಂಡು ಅಷ್ಟು ದೂರದಿಂದ ಬರ್ತಾರೆ. ಅವ್ರ ಯೇಸುಸ್ವಾಮಿ ಮಾಡಿದ ಪವಾಡ ಎಲ್ಲ ಯಾಕೆ ನಂಬಕ್ಕಾಗಲ್ಲ ಅಂತ ಅವ್ರೇ ಹೇಳ್ಬೇಕಲ್ಲ — ಕಣ್ಣಲ್ಲಿ ನೀರು ಹಾಕ್ಕಂಡೇ ಹೇಳಿದ್ರು ಕಣೆ. ಆದ್ರೂ ಒಂದು ಮಾತು ಬಿಡ್ಲಿಲ್ಲ. ಸಕ್ಕತ್ತಾಗಿ ಮಾತಾಡಿದ್ರು."

ಸಾರು ಆರಿ ಹೋಗಿತ್ತು. ಬಿಸಿ ಮಾಡಲಿಲ್ಲ. ಹಾಗೇ ಬಡಿಸಿದೆ. ಆರಿದ್ದೂ ಗೊತ್ತಾಗದೆ ತಿಂದರು.

ನನಗೇನು ಹೊಟ್ಟೆಕಿಚ್ಚಿಲ್ಲ. ಯಾವಳೋ ಟೈಪಿಸ್ಟು.

ಜನವರಿ 9, ಸೋಮವಾರ

ಯಾವ ಬಣ್ಣದ ಸೀರೆ ಉಟ್ಟಿದ್ದಳು ಅಂತ ಕೇಳಿದೆ. ನೋಡಲಿಲ್ಲವಂತೆ. ಕಣ್ಣೀರು ಕಂಡವರಿಗೆ ಸೀರೆ ಕಾಣಲಿಲ್ಲವಂತೆ!

ಜನವರಿ 18, ಬುಧವಾರ

ಪಂಚಾಂಗದ ಹಿಂದೆ ಪುಸ್ತಕ ಸಿಕ್ಕಿತು. ಬ್ರೌನ್ ಪೇಪರ್ ಹಾಕಿ, ಮೂಲೆ ಮಡಿಸಿ, ನೀಟಾಗಿ ಇಟ್ಟಿದೆ. ಒಳಗೆ ದುಂಡು ಅಕ್ಷರದಲ್ಲಿ ಮರಿಯಮ್ಮನ ಹೆಸರು. ಮೂಸಿ ನೋಡಿದೆ — ಥೂ, ನನ್ನ ಬುದ್ಧಿಗಿಷ್ಟು. ಹಳೇ ಕಾಗದದ ವಾಸನೆ, ಅಷ್ಟೇ.

ಓದಲಿಲ್ಲ. ಎಸ್ಸೆಸ್ಸೆಲ್ಸಿ ಪಾಸಾದವಳಿಗೆ ಓದಲು ಬರುವುದಿಲ್ಲ ಅಂತಲ್ಲ. ಹಾಳೆ ಮಾತ್ರ ತಿರುವಿದೆ. ಅಲ್ಲಲ್ಲಿ ಪೆನ್ಸಿಲ್ ಗೀಟು. ತೆಳ್ಳನೆಯದು ಅವಳದ್ದು. ಅದರ ಕೆಳಗೆ ದಪ್ಪ ಗೀಟು ಇವರದ್ದು, ಫ್ಯಾಕ್ಟರಿಯಲ್ಲಿ ಕಬ್ಬಿಣದ ಮೇಲೆ ಗುರುತು ಹಾಕಿದ ಹಾಗೆ ಒತ್ತಿ ಎಳೆದಿದ್ದಾರೆ. ಅವಳ ಮನಸ್ಸಿಗೆ ಹಿಡಿಸಿದ್ದೇ ಇವರಿಗೂ ಹಿಡಿಸಿದೆ. ಒಂದೇ ಸಾಲಿಗೆ ಇಬ್ಬರೂ ನಿಂತಿದ್ದಾರೆ. ಮೈ ಉರಿದು ಹೋಯಿತು. ನಾನು ಈ ಮನೆಗೆ ಬಂದು ಇಷ್ಟು ವರ್ಷದಲ್ಲಿ ನನ್ನ ಯಾವ ಮಾತಿನ ಕೆಳಗೆ ಇವರು ಗೀಟು ಎಳೆದಿದ್ದಾರೆ?

ಪುಸ್ತಕವನ್ನು ಒಲೆಗೆ ಹಾಕೋಣ ಅನ್ನಿಸಿತು. ಒಲೆ ಮುಂದೆ ಅತ್ತೆ ಕೂತಿದ್ದರು. ಇದ್ದ ಕಡೆಗೇ ಇಟ್ಟೆ.

ಜನವರಿ 29, ಭಾನುವಾರ

ಇವತ್ತು ಇವರ ಸರದಿ. ನಮ್ಮ ಸಪ್ಪಲಮ್ಮನ ವಿರುದ್ಧ ಮಾತಾಡಬೇಕು. ಬೆಳಗ್ಗೆ ಹಿತ್ತಲಲ್ಲಿ ಹುಣಸೆ ಮರಕ್ಕೆ ಭಾಷಣ ಮಾಡುತ್ತಿದ್ದರು. "ಒದ್ದೆ ಹೂವು ಒಣಗಿದ ಮೇಲೆ ಬಿದ್ದೇ ಬೀಳುತ್ತೆ. ಯಾವ ಕಡೆ ಮೊದಲು ಒಣಗಿತು, ಯಾವ ಕಡೆ ನೀರು ಕಮ್ಮಿ ಹತ್ತಿತ್ತು, ಅಷ್ಟೇ ಲೆಕ್ಕ. ಇದರಲ್ಲಿ ದೇವರೆಲ್ಲಿದ್ದಾನೆ?"

ಅತ್ತೆ ಕೇಳಿಸಿಕೊಂಡುಬಿಟ್ಟರು. ಎದೆ ಬಡಿದುಕೊಂಡರು. "ಅಯ್ಯೋ ನಮ್ಮಪ್ಪನೇ, ಇದೇನ್ ಕೇಡುಗಾಲ ಬಂತೋ ನಿಂಗೆ! ಅಮ್ಮನ ಅನ್ನ ಉಂಡ್ಕಂಡು ಅಮ್ಮನ್ನೇ ಇಂಗಂತೀಯಲ್ಲೋ!"

"ನಾನು ಅನ್ನೋದಲ್ಲ ಅವ್ವ. ಅನ್ನೋರು ಇಂಗಂತಾರೆ ಅಂತ ತಿಳ್ಕಂಡಿರ್ಬೇಕಲ್ಲ."

"ತಿಳ್ಕಂಡು ಏನ್ ಉದ್ಧಾರ ಆಗ್ಬೇಕು?" ಅದು ನಾನು. ಅತ್ತೆ, ನಾನು ಒಂದೇ ಮಾತಿಗೆ ನಿಂತದ್ದು ಮದುವೆಯಾದ ಮೇಲೆ ಇದೇ ಮೊದಲು.

ಹೋದರು. ಬಂದರು. ಬಂದವರು ನೇರ ಗುಡಿಗೆ. ನಾನು ಹಿಂದೆಯೇ ಹೋಗಿ ನೋಡಿದರೆ ಅಮ್ಮನ ಮುಂದೆ ಕೈ ಕಟ್ಟಿ ನಿಂತು ಮುಗುಳ್ನಗುತ್ತಿದ್ದಾರೆ.

"ಎಲ್ಲಾ ಅಂದ್ಬಿಟ್ಟೆ ಈಶ್ವರಿ. ಒಂದೂ ಬಿಡ್ಲಿಲ್ಲ. ಅಂದು ಬಂದು ಇಲ್ಲಿ ನಿಂತ್ರೆ — ಎಲ್ಲಾ ಅಂಗೇ ಐತೆ ಕಣೆ. ಮೊದ್ಲಿಗಿಂತ ಜಾಸ್ತಿನೇ ಐತೆ."

"ಅವಳೇನಂದಳು?"

"ಯಾರು?"

"ಯಾರು ಅಂತೆ ಯಾರು!"

"ಓ, ಮರಿಯಮ್ಮನಾ? ಚಪ್ಪಾಳೆ ತಟ್ಟಿದ್ರು."

ಫೆಬ್ರವರಿ 5, ಭಾನುವಾರ

ಬುತ್ತಿ ಕೊಟ್ಟು ಬರುತ್ತೇನೆ ಅಂತ ಅತ್ತೆಗೆ ಹೇಳಿ ಕಾಲೋನಿಗೆ ಹೋದೆ. ಜೀವಮಾನದಲ್ಲಿ ಮೊದಲ ಸಲ ಗಂಡನ ಹಿಂದೆ ಬೇಹು ಹೋದೆ. ಲೈಬ್ರರಿಯ ಕಿಟಕಿ ತೆರೆದಿತ್ತು. ಒಳಗೆ ಏಳೆಂಟು ಜನ. ಇವರು ಬೆಂಚಿನ ತುದಿಯಲ್ಲಿ, ಪಕ್ಕದಲ್ಲಿ ಅವಳು. ನಡುವೆ ಒಂದು ಪುಸ್ತಕ, ಇಬ್ಬರ ಕಣ್ಣೂ ಅದರ ಮೇಲೆ.

ಸಣಕಲು ಹೆಂಗಸು. ಕನ್ನಡಕ. ಕಿವಿಯ ಹತ್ತಿರ ನರೆ. ಬೂದು ಬಣ್ಣದ ಸೀರೆ. ಇವರಿಗಿಂತ ಐದಾರು ವರ್ಷಕ್ಕೆ ದೊಡ್ಡವಳೇ ಇರಬೇಕು. ಚೆಲುವೆಯಾಗಿದ್ದಿದ್ದರೆ ನನಗೆ ಒಂದು ಸಮಾಧಾನ ಇರುತ್ತಿತ್ತು. ಗಂಡಸರ ಬುದ್ಧಿ ಅಂತ ಬೈದು ಸುಮ್ಮನಾಗುತ್ತಿದ್ದೆ. ಇವರು ಅವಳ ಮುಖ ನೋಡಲೇ ಇಲ್ಲ. ಅವಳು ಆಡಿದ ಮಾತಿಗೆ ನಕ್ಕರು, ತಲೆ ಹಿಂದಕ್ಕೆ ಹಾಕಿ, ಹಲ್ಲೆಲ್ಲಾ ಕಾಣುವ ಹಾಗೆ. ರೂಪ ಬೇಕು ಅಂದರೆ ನಾನೂ ಒಂದು ಒಳ್ಳೆ ಸೀರೆ ಉಟ್ಟುಕೊಂಡೇನು. ಅಂಥ ಮಾತು ಎಲ್ಲಿಂದ ತರಲಿ?

ಒಳಗೆ ಹೋಗಲಿಲ್ಲ. ಬಸ್ ಸ್ಟಾಪಿನಲ್ಲಿ ಕೂತು ಬುತ್ತಿ ಬಿಚ್ಚಿ ನಾನೇ ತಿಂದೆ. ಅಳು ಬಂತು. ಅತ್ತುಕೊಂಡೇ ತಿಂದೆ. ಚಿತ್ರಾನ್ನ ಚೆನ್ನಾಗಿತ್ತು.

ಹೌದು, ಹೊಟ್ಟೆಕಿಚ್ಚೇ. ಬರೆದುಬಿಟ್ಟೆ. ಇದನ್ನು ಓದುವವರು ಯಾರಿದ್ದಾರೆ? ಅತ್ತೆಗೆ ಅಕ್ಷರ ಬಾರದು, ಇವರು ನನ್ನ ಪೆಟ್ಟಿಗೆ ಮುಟ್ಟುವವರಲ್ಲ.

ಫೆಬ್ರವರಿ 9, ಗುರುವಾರ

ಅತ್ತೆಯ ಕಿವಿಯಲ್ಲಿ ಸ್ವಲ್ಪ ಊದಿದೆ. ಕಿರಿಸ್ತಾನರ ಹೆಂಗಸು, ಒಂದೇ ಬೆಂಚು, ನಗು — ಇಷ್ಟೇ ಹೇಳಿದ್ದು. ಉಳಿದದ್ದನ್ನು ಅವರೇ ಕಟ್ಟಿಕೊಂಡರು. ಇವರು ಬೆಳಗ್ಗೆ ಸ್ನಾನ ಮುಗಿಸಿ ಬರುವಷ್ಟರಲ್ಲಿ ಅತ್ತೆ ನಡುಮನೆಯಲ್ಲಿ ಕಂಬಕ್ಕೆ ಒರಗಿ ಕೂತಿದ್ದರು. ಊಟ ಬೇಡವಂತೆ, ನೀರು ಬೇಡವಂತೆ.

"ಆ ಕೂಟಕ್ಕೆ ನೀನು ಓಗ್ಬಾರ್ದು. ನನ್ ಮಾತು ಬ್ಯಾಡ, ನಿನ್ನೆಂಡ್ರ ಮಾತೂ ಬ್ಯಾಡ. ಅಮ್ಮನ ಮುಂದೆ ಊವ ಕೇಳು."

ಜಗಳವಾಗುತ್ತದೆ ಅಂದುಕೊಂಡಿದ್ದೆ. ಇವರು ಟವೆಲ್ ಹಿಂಡುತ್ತಾ, "ಅಷ್ಟೇ ತಾನೇ? ನಾಳೆ ಶುಕ್ರವಾರ. ಕೇಳೋಣ. ಅಮ್ಮ ಬೇಡ ಅಂದ್ರೆ ಬಿಟ್ಬಿಡ್ತೀನಿ," ಅಂದರು.

ಅಷ್ಟು ಹಗುರವಾಗಿ! ಹೂ ಬಲಕ್ಕೇ ಬೀಳುತ್ತದೆ ಅಂತ ಎಷ್ಟು ಧೈರ್ಯ. ಬಲಕ್ಕೆ ಬಿದ್ದರೆ? ಅಮ್ಮನೇ ಹೋಗು ಅಂದರೆ? ಆಮೇಲೆ ನಾನು ಯಾವ ಬಾಯಲ್ಲಿ ಬೇಡ ಅನ್ನಲಿ? ಪ್ರತಿ ಭಾನುವಾರ ಆ ಬೆಂಚು, ಆ ಪುಸ್ತಕ, ಆ ನಗು.

ಫೆಬ್ರವರಿ 10, ಶುಕ್ರವಾರ

ಮಾಡಿಬಿಟ್ಟೆ.

ಬೆಲ್ಲ. ಒಂದು ಚೂರು, ಬಿಸಿನೀರಲ್ಲಿ ಅಂಟಾಗುವ ಹಾಗೆ ಕಲಸಿಕೊಂಡೆ. ಬಲಭುಜದ ಹೂವಿಗೆ ಅದು. ಎಡಕ್ಕೆ ನೀರು ಸೋಕಿಸಿದ ಶಾಸ್ತ್ರ. ಇವರು ಕಣ್ಣು ಮುಚ್ಚಿಕೊಂಡಿದ್ದರು. ಹೂ ಹಚ್ಚುವಾಗ ಪೂಜಾರಿ ನೋಡುವ ಪದ್ಧತಿಯಿಲ್ಲ. ಅತ್ತೆ ಬಾಗಿಲ ಹೊರಗೆ. ಕೈ ನಡುಗಲಿಲ್ಲ. ನಡುಗಬೇಕಿತ್ತು.

"ತಾಯಿ, ಕೂಟಕ್ಕೆ ಹೋಗ್ಲಾ, ಬಿಡ್ಲಾ. ನೀನು ಹೇಳ್ದಂಗೆ," ಅಂತ ಇವರು ಬಾಯಿಬಿಟ್ಟು ಕೇಳಿದರು. ಕೇಳಿ ಮುಗಿಸುವುದಕ್ಕಿಲ್ಲ, ಎಡದ ಹೂ ಬಿತ್ತು.

ಅತ್ತೆ ಗಲ್ಲ ಬಡಿದುಕೊಂಡರು. ಇವರು ಕಣ್ಣು ಬಿಟ್ಟು ಹೂ ನೋಡಿದರು. ಒಂದು ಕ್ಷಣ ಮುಖ ಸಪ್ಪಗಾಯಿತು. ಆಮೇಲೆ ಬಗ್ಗಿ ಹೂ ಎತ್ತಿ ಕಣ್ಣಿಗೊತ್ತಿಕೊಂಡರು. "ಆಯ್ತು ತಾಯಿ."

ಒಂದು ಸಿಟ್ಟಿಲ್ಲ, ಒಂದು ಯಾಕೆ ಇಲ್ಲ. ಅಷ್ಟೆಲ್ಲ ಓದಿದ ಮನುಷ್ಯ! ಹೂ ಯಾಕೆ ಬೀಳುತ್ತದೆ ಅಂತ ಹುಣಸೆ ಮರಕ್ಕೆಲ್ಲ ಪಾಠ ಹೇಳಿದ ಮನುಷ್ಯ.

ಫೆಬ್ರವರಿ 11, ಶನಿವಾರ

ಅಯ್ಯೋ ದೇವರೇ, ಇರುವೆ! ಒರೆಸುವುದು ಮರೆತೇಹೋಗಿತ್ತು. ಬೆಳಗ್ಗೆ ಅತ್ತೆ ಗುಡಿಗೆ ಹೋದವರು ಕೂಗುತ್ತಾ ಬಂದರು. ಓಡಿಹೋಗಿ ನೋಡಿದರೆ ಅಮ್ಮನ ಬಲಭುಜದ ಮೇಲೆ ಕೆಂಪಿರುವೆ ಮುತ್ತಿಕೊಂಡಿವೆ. ಸಿಕ್ಕಿಬಿದ್ದೆ ಅಂದುಕೊಂಡೆ.

ಅತ್ತೆ ಕೈಮುಗಿದು ಅಳುತ್ತಿದ್ದಾರೆ. "ಅಮ್ಮಂಗೆ ಸಂತೋಸ ಆಗೈತೆ ಕಣಮ್ಮಿ. ಮಗ ಮಾತು ಕೇಳ್ದ ಅಂತ ಮೈಯೆಲ್ಲಾ ಸಿಹಿಯಾಗವ್ಳೆ. ಓಗು, ಪಾಯಸ ಮಾಡು."

ಇವರು ಪಂಚೆಯ ತುದಿಯಿಂದ ಒಂದೊಂದೇ ಇರುವೆಯನ್ನು ಸಾಯದ ಹಾಗೆ ಸರಿಸಿದರು. ಏನೂ ಕೇಳಲಿಲ್ಲ. ನಾನು ಪಾಯಸ ಮಾಡಿದೆ. ಅದೇ ಬೆಲ್ಲದಲ್ಲಿ.

ಫೆಬ್ರವರಿ 12, ಭಾನುವಾರ

ಮನೆಯಲ್ಲೇ ಇದ್ದರು. ಪುಸ್ತಕವನ್ನು ಯಾರದೋ ಕೈಯಲ್ಲಿ ಕೊಟ್ಟು ಕಳಿಸಿದ್ದಾರೆ. ಹೆಂಚು ಸರಿ ಮಾಡಿದರು, ದನದ ಕೊಟ್ಟಿಗೆ ತೊಳೆದರು. ನಾನು ಹೋಳಿಗೆ ತಟ್ಟಿದೆ. ಎರಡು ಜಾಸ್ತಿಯೇ ತಿಂದರು. ಅಲ್ಲಿ ಬೆಂಚಿನ ಮೇಲೆ ಒಬ್ಬಳೇ ಕೂತಿರುತ್ತಾಳೆ ಅಂತ ನೆನೆಸಿಕೊಂಡು ನನಗೂ ಹಸಿವಾಯಿತು.

ಗೆದ್ದೆ.

ಮಾರ್ಚ್ 13, ಮಂಗಳವಾರ

ಬರೆಯಲು ಕೂರುವುದು, ಮುಚ್ಚಿಡುವುದು. ಇಷ್ಟು ದಿನ ಇದೇ ಆಯಿತು.

ಕಾದೆ. ಅಮ್ಮ ಏನಾದರೂ ಮಾಡುತ್ತಾಳೆ ಅಂತ. ಜ್ವರ ಬರುತ್ತದೆ, ಕೈಯಲ್ಲಿ ಹುಣ್ಣೇಳುತ್ತದೆ, ಹಾಲು ಒಡೆಯುತ್ತದೆ, ಕಡೇಪಕ್ಷ ಕನಸಿನಲ್ಲಾದರೂ ಬಂದು ಬೈಯುತ್ತಾಳೆ. ಏನೂ ಇಲ್ಲ. ಹಸು ಕರು ಹಾಕಿತು, ಹೆಣ್ಣುಗರು. ನನ್ನ ಕೆಮ್ಮು ಕೂಡ ವಾಸಿಯಾಯಿತು. ಅವಳ ಭುಜಕ್ಕೆ ಬೆಲ್ಲ ಬಳಿದು, ಅವಳ ಬಾಯಲ್ಲಿ ನನ್ನ ಮಾತು ಆಡಿಸಿದೆ, ಅವಳು ಸುಮ್ಮನಿದ್ದಳು. ಈಗ ಹೂ ಹಚ್ಚುವಾಗ ಕಲ್ಲು ತಣ್ಣಗಿದೆ ಅನ್ನುವುದು ಮಾತ್ರ ಗೊತ್ತಾಗುತ್ತದೆ. ಮುಂಚೆಯೂ ತಣ್ಣಗೇ ಇತ್ತು. ಆದರೆ ಆಗ ಅದು ಅಮ್ಮನ ಮೈ.

ಇವರ ಕಡೆ ನೋಡಿದರೆ ಹೊಟ್ಟೆ ಉರಿಯುತ್ತದೆ. ಇವತ್ತೂ ಹಾಗೇ ನಿಂತಿದ್ದರು, ಕಣ್ಣು ಮುಚ್ಚಿ, ತಾಯಿ ಹತ್ತಿರ ಗುಟ್ಟು ಹೇಳುವ ಹಾಗೆ ತುಟಿ ಅಲ್ಲಾಡಿಸುತ್ತಾ. ನಾನು ಪಕ್ಕದಲ್ಲೇ ನಿಂತು ಕಣ್ಣು ಮುಚ್ಚಿದೆ. ಕತ್ತಲೆ. ಮಧ್ಯಾಹ್ನಕ್ಕೆ ಹುಳಿಗೆ ಏನು ತರಕಾರಿ ಹಾಕಲಿ ಅನ್ನುವುದು ನೆನಪಿಗೆ ಬಂತು.

ಎಂಥ ಅನ್ಯಾಯ. ಕೆಡಿಸುವ ಪುಸ್ತಕವೆಲ್ಲಾ ಓದಿದವರು ಇವರು. ಒಂದು ಸಾಲೂ ಓದದವಳು ನಾನು. ಇವರ ನಂಬಿಕೆಗೆ ಒಂದು ಗೀರೂ ಬೀಳಲಿಲ್ಲ. ನನ್ನದು ಇಷ್ಟು ಬೆಲ್ಲದ ಚೂರಿಗೆ ಹೋಯಿತು. ಮರಿಯಮ್ಮನ ಮೇಲೆ ಬಂದದ್ದು ಹೊಟ್ಟೆಕಿಚ್ಚೇ ಅಲ್ಲ ಅನ್ನಿಸುತ್ತಿದೆ. ಇದು ನೋಡು ಹೊಟ್ಟೆಕಿಚ್ಚು.

ಮಾರ್ಚ್ 25, ಭಾನುವಾರ

ಅವಳು ಬಂದಿದ್ದಳು. ಮನೆಗೇ!

ಇವರಿಗೆ ಓವರ್‌ಟೈಮು, ಅತ್ತೆ ಆನೇಕಲ್ಲಿನ ನಾದಿನಿ ಮನೆಗೆ ಹೋಗಿದ್ದರು. ಅಂಗಳದಲ್ಲಿ ರಾಗಿ ಒಣಹಾಕುತ್ತಿದ್ದೆ. "ರಾಮಾಂಜಿನಪ್ಪನವರ ಮನೆ ಇದೇನಾ ಅಕ್ಕ?" ಅಂತ ಬಂತು ಧ್ವನಿ. ತಲೆ ಎತ್ತಿದರೆ ಅದೇ ಕನ್ನಡಕ. ಬಿಸಿಲಿಗೆ ಮುಖ ಕಪ್ಪಿಟ್ಟಿತ್ತು. ಬೈಯಬೇಕು ಅಂತ ಎಷ್ಟೆಲ್ಲಾ ಮಾತು ಕೂಡಿಟ್ಟಿದ್ದೆ. ಮಜ್ಜಿಗೆ ತಂದುಕೊಟ್ಟೆ.

ಇವರು ಯಾಕೆ ಬರುತ್ತಿಲ್ಲ, ಹುಷಾರಿಲ್ಲವಾ, ಕೂಟದಲ್ಲಿ ಯಾರಾದರೂ ನೋಯುವಂಥ ಮಾತಾಡಿದರಾ ಅಂತ ಕೇಳಿದಳು. ಅಮ್ಮ ಬೇಡ ಅಂದಳು ಅಂದೆ. ಹೂವಿನ ವಿಷಯ ಹೇಳಿದೆ, ಬೆಲ್ಲದ್ದಲ್ಲ. ಅವಳು ನಗಲಿಲ್ಲ. ತಲೆ ತಗ್ಗಿಸಿ, "ಹಾಗಾದ್ರೆ ಬಿಡಿ ಅಕ್ಕ. ದೇವರ ಮಾತು," ಅಂದಳು. ನಗಬೇಕಿತ್ತು ಅವಳು. ನಕ್ಕಿದ್ದರೆ ಎಷ್ಟು ಸಲೀಸಾಗಿರುತ್ತಿತ್ತು ನನಗೆ.

ತಡೆಯಲಾರದೆ ಕೇಳಿದೆ. "ನಿಮ್ಮ ದೇವ್ರು ಸುಳ್ಳು ಅಂತ ಬರೆದಿರೋದನ್ನೆಲ್ಲಾ ಓದ್ತೀರಲ್ಲ. ಭಯ ಆಗಲ್ವಾ?"

"ಆಗುತ್ತೆ ಅಕ್ಕ. ಯಾಕಾಗಲ್ಲ? ಮೊದಲ್ನೇ ಸಲ ಓದಿದಾಗ ಪ್ರಾರ್ಥನೆ ಮಾಡೋಕೇ ಆಗ್ಲಿಲ್ಲ. ಬಾಯಿ ಒಣಗಿಹೋಯ್ತು. ನಮ್ಮ ಫಾದರ್‌ಗೆ ಹೇಳಿದ್ರೆ ಓದ್ಬೇಡ ಅಂದ್ರು. ಓದ್ದೆ ಇದ್ರೂ ಪ್ರಶ್ನೆ ನನ್ನ ಒಳಗೆ ಇದ್ದೇ ಇರುತ್ತಲ್ಲ? ಆಮೇಲೆ ಅನ್ನಿಸ್ತು — ನಾನು ಪ್ರಶ್ನೆ ಕೇಳಿದ್ರೆ ಎದ್ದುಹೋಗೋ ಸ್ವಾಮಿ ಆಗಿದ್ರೆ, ನಂಗೆ ಕಷ್ಟ ಬಂದಾಗ ಪಕ್ಕದಲ್ಲಿ ಕೂತಿರ್ತಾನಾ?" ಮಜ್ಜಿಗೆ ಲೋಟ ಕೆಳಗಿಟ್ಟಳು. "ಈಗಲೂ ಕೆಲವು ದಿನ ಎಲ್ಲಾ ಖಾಲಿ ಖಾಲಿ. ಆದ್ರೂ ಚರ್ಚಿಗೆ ಹೋಗ್ತೀನಿ. ಖಾಲಿ ಇದ್ದೀನಿ ಅಂತ ಅವನಿಗೇ ಹೇಳ್ತೀನಿ."

ಖಾಲಿ ಅನ್ನುವ ಮಾತಿಗೆ ಅವಳ ಕೈ ಹಿಡಿದುಕೊಳ್ಳೋಣ ಅನ್ನಿಸಿತು. ಹಿಡಿಯಲಿಲ್ಲ.

ಹೊರಡುವಾಗ ಅಂಗಳದಲ್ಲಿ ನಿಂತು ಹೇಳಿದಳು, "ನಿಮ್ಮನ್ನ ನೋಡ್ಬೇಕು ಅಂತ ತುಂಬಾ ಆಸೆ ಇತ್ತು ಅಕ್ಕ. ಅವರು ಕೂಟದಲ್ಲಿ ನಿಮ್ಮ ವಿಷ್ಯ ಹೇಳ್ತಾನೇ ಇರ್ತಿದ್ರು."

"ನನ್ನ ವಿಷ್ಯನಾ?"

"ಅವರ ಸರದಿ ದಿನ ಶ್ಯಾಮಣ್ಣ ಕೇಳಿದ್ರು — 'ಅಲ್ಲ ಗುರು, ಹೂವು ಹಚ್ಚೋರು ಯಾರು? ನಿಮ್ಮನೆಯೋರೇ ತಾನೇ? ಅವರಿಗೆ ಬೇಕಾದ ಕಡೆ ಬೀಳೋ ಹಂಗೆ ಹಚ್ಚಿದ್ರೆ?' ಅಂತ. ನಾವೆಲ್ಲಾ ನಗಾಡಿದ್ವಿ. ಆದ್ರೆ ರಾಮಾಂಜಿನಪ್ಪನವರು ನಗ್ಲಿಲ್ಲ. 'ನಾನು ಬೇರೆ ಎಲ್ಲಾ ಒಪ್ಕೋತೀನಿ ಶ್ಯಾಮಣ್ಣ, ಕಲ್ಲು ಅನ್ನಿ, ಗಾಳಿ ಅನ್ನಿ, ನೀರು ಅನ್ನಿ. ಹೂವು ಹಚ್ಚೋದು ನನ್ನ ಹೆಂಡ್ತಿ. ಅವಳು ಅಂಥೋಳಲ್ಲ. ಅದೊಂದು ನಂಗೊತ್ತು,' ಅಂದ್ಬಿಟ್ರು."

ಬಸ್ಸಿಗೆ ಹೊತ್ತಾಯಿತು ಅಂತ ಹೋದಳು. ರಾಗಿಯನ್ನು ಕೋಳಿ ಕೆದಕುತ್ತಿತ್ತು. ಅಟ್ಟಲಿಲ್ಲ.

ಮಾರ್ಚ್ 27, ಮಂಗಳವಾರ

ಇವತ್ತು ಹೂ ಕೇಳಲು ರಾಮಮ್ಮ ಬಂದಿದ್ದಳು. ಗಂಡನ ಹೊಟ್ಟೆಯಲ್ಲಿ ಗಡ್ಡೆ. ಆಪರೇಷನ್ ಮಾಡಿಸಬೇಕು ಅಂತ ಡಾಕ್ಟರ್ ಅಂದಿದ್ದಾರೆ, ಅಮ್ಮ ಏನನ್ನುತ್ತಾಳೋ ಅಂತ ಕೇಳಲು. ಹೂ ಕೈಯಲ್ಲಿತ್ತು. ಅಮ್ಮನ ಭುಜದವರೆಗೂ ಒಯ್ದೆ. ಕೈ ಮುಂದೆ ಹೋಗಲಿಲ್ಲ.

"ಡಾಕ್ಟರ್ ಹೇಳ್ದಂಗೆ ಮಾಡ್ಸು ರಾಮಮ್ಮ. ಇದನ್ನೇನ್ ಕೇಳ್ತೀಯ, ಹೋಗು," ಅಂದುಬಿಟ್ಟೆ, ಜೋರಾಗಿ.

ಗುಡಿಯಲ್ಲಿದ್ದವರೆಲ್ಲಾ ಗರ ಬಡಿದ ಹಾಗೆ ನಿಂತರು. ಇವರು ಕಣ್ಣು ಬಿಟ್ಟರು. ನನ್ನ ಮುಖ ನೋಡಿದರು. "ಇವತ್ತು ಹೂವಿಲ್ಲ ಕಣ್ರಪ್ಪಾ. ಅವಳ್ಗೆ ಮೈ ಸರಿ ಇಲ್ಲ," ಅಂದು ಎಲ್ಲರನ್ನೂ ಕಳಿಸಿ, ರಾಮಮ್ಮನಿಗೆ ಕುಂಕುಮ ಕೊಟ್ಟು, ಬಾಗಿಲು ಎಳೆದರು.

"ಏನಾಯ್ತು ಈಶ್ವರಿ?"

ಹೇಳಿದೆ. ಕೂಟದ ಕಿಟಕಿ, ಬೆಂಚು, ಬೆಲ್ಲ, ಇರುವೆ — ಎಲ್ಲಾ. ಅಳಬಾರದು ಅಂದುಕೊಂಡಿದ್ದೆ. ಅತ್ತುಬಿಟ್ಟೆ. ಮರಿಯಮ್ಮನ ಮೇಲೆ ಹೊಟ್ಟೆಕಿಚ್ಚಾಯಿತು ಅಂತಲೂ ಹೇಳಿದೆ. ಬೈಯುತ್ತಾರೆ, ಹೊಡೆಯುತ್ತಾರೆ ಅಂತ ಕಾದೆ. ಮೆಟ್ಟಿಲ ಮೇಲೆ ಕೂತರು. ಮೊದಲು ಕೇಳಿದ್ದು ಇಷ್ಟು.

"ಎಷ್ಟು ಸಲ?"

"ಅದೊಂದೇ ಸಲ."

"ವೆಂಕಟಪ್ಪಂಗೆ ಎಡ ಬಿತ್ತಲ್ಲ. ಅದು?"

"ನಾನಲ್ಲ ರೀ. ಅಮ್ಮನಾಣೆ ನಾನಲ್ಲ."

"ಯಾವ ಅಮ್ಮನಾಣೆ?" ಅಂದರು.

ಎದ್ದು, ಪೂಜೆ ತಟ್ಟೆ ತೊಳೆದು, ಬಸ್ಸಿಗೆ ಹೊರಟುಹೋದರು. ಊಟದ ಡಬ್ಬಿ ಇಲ್ಲೇ ಇದೆ.

ಮಾರ್ಚ್ 29, ಗುರುವಾರ

ಮಾತಿಲ್ಲ. ಬಡಿಸಿದರೆ ತಿನ್ನುತ್ತಾರೆ, ಕೇಳಿದರೆ ಹೂಂ ಅನ್ನುತ್ತಾರೆ. ಊರಿಂದ ಬಂದ ಅತ್ತೆಗೆ ಏನೂ ಹೇಳಿಲ್ಲ. ನಿನ್ನೆ ಡ್ಯೂಟಿ ಮುಗಿಸಿ ತಡವಾಗಿ ಬಂದರು, ಮರಿಯಮ್ಮನನ್ನು ನೋಡಲು ಹೋಗಿದ್ದರು ಅಂತಲೇ ಅಂದುಕೊಂಡೆ. ಇವತ್ತು ಗೊತ್ತಾಯಿತು, ಗುಡಿ ಜಗಲಿಯ ಮೇಲೆ ಕೂತಿದ್ದರಂತೆ. ಬೆಳಗ್ಗೆಯೂ ಅಲ್ಲೇ. ನನ್ನ ಎದುರು ಬಾಯಿಗೆ ಬೀಗ. ಅಲ್ಲಿ ಮಾತ್ರ ತುಟಿ ಅಲ್ಲಾಡುತ್ತದೆ.

ನನ್ನ ಮೇಲಿನ ದೂರನ್ನೆಲ್ಲಾ ಅಮ್ಮನಿಗೆ ಹೇಳುತ್ತಿದ್ದಾರೆ. ಅವಳು ಕೇಳಿಸಿಕೊಳ್ಳುತ್ತಿದ್ದಾಳೆ.

ಮಾರ್ಚ್ 30, ಶುಕ್ರವಾರ, ಬೆಳಗ್ಗೆ

ನಾನು ಏಳುವಷ್ಟರಲ್ಲಿ ಹೂ ಬಿಡಿಸಿ ನೆನೆಹಾಕಿದ್ದರು. ತಟ್ಟೆಗೆ ಕೈ ಹಾಕಲು ಹೋದೆ. "ಬೇಡ," ಅಂದರು. ತಾವೇ ಹಚ್ಚಿದರು, ಎರಡು ಭುಜಕ್ಕೂ. ಈ ಮನೆಯಲ್ಲಿ ಗಂಡಸು ಹೂ ಹಚ್ಚಿದ್ದನ್ನು ನಾನು ಕಂಡಿಲ್ಲ. ಊರಿನವರು ಯಾರೂ ಇನ್ನೂ ಬಂದಿರಲಿಲ್ಲ. ನಾನು ಹೊಸ್ತಿಲಾಚೆ ನಿಂತೆ.

ಕಣ್ಣು ಮುಚ್ಚಿದರು. ಬಾಯಿಬಿಟ್ಟು ಕೇಳಲಿಲ್ಲ. ಮನಸ್ಸಿನಲ್ಲೇ. ಏನು ಕೇಳುತ್ತಿದ್ದಾರೆ? ನನ್ನನ್ನು ತವರಿಗೆ ಕಳಿಸಲಾ ಅಂತಲಾ? ಪೂಜಾರಿಕೆ ಬಿಡಲಾ ಅಂತಲಾ? ಹೂ ಬೀಳಲೇ ಇಲ್ಲ. ಬರಿಯ ಕಲ್ಲು, ಬರಿಯ ಹೂ, ಒಣಗಿದ ಕಡೆ ಬೀಳುತ್ತದೆ, ಅಷ್ಟೇ ಅಂತ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಹೇಳಿಕೊಳ್ಳುತ್ತಲೇ ಎರಡೂ ಕೈ ಜೋಡಿಸಿದ್ದೆ. ಯಾರಿಗೆ ಮುಗಿಯುತ್ತಿದ್ದೆನೋ.

ಬಲದ್ದು ಬಿತ್ತು.

ಹೂ ಎತ್ತಿ ಕಣ್ಣಿಗೊತ್ತಿಕೊಂಡು ಹೊರಗೆ ಬಂದರು. ನನ್ನ ಕೈಯಲ್ಲಿಟ್ಟರು. "ಮುಡ್ಕೊ."

"ಏನು ಕೇಳಿದ್ರಿ?"

"ಒಂದೇ ಸಲ ಅಂದ್ಯಲ್ಲ. ನಂಬ್ಲಾ ಅಂತ ಕೇಳ್ದೆ." ಮುಖ ತಿಳಿಯಾಗಿತ್ತು, ಹಳೆಯ ಮುಖವೇ. "ಅಮ್ಮ ನಂಬು ಅಂದ್ಲು. ನಂಬ್ತೀನಿ. ಭಾನುವಾರ ಕೂಟಕ್ಕೆ ಹೋಗ್ತೀನಿ. ನೀನೂ ಬಾ. ಶ್ಯಾಮಣ್ಣಂಗೆ ನಡೆದಿದ್ದು ಹೇಳ್ಬೇಕು, ಮುಚ್ಚಿಡಬಾರ್ದು."

ಅಷ್ಟೇ. ಮುಗಿಯಿತು. ಬೇರೆ ಯಾರಾದರೂ ಆಗಿದ್ದರೆ ಕಾಲಿಗೆ ಬಿದ್ದು ಅಳುತ್ತಿದ್ದರು, ಬದುಕಿಕೊಂಡೆ ಅಂತ. ನನಗೆ ಕೆಂಡದ ಮೇಲೆ ನಿಂತ ಹಾಗಿದೆ. ನಾನು ಅತ್ತು ಹೇಳಿದ್ದು ಸಾಲಲಿಲ್ಲ. ಒಂಬತ್ತು ವರ್ಷದ ಸಂಸಾರ ಸಾಲಲಿಲ್ಲ. ಅವಳು ಅಂಥೋಳಲ್ಲ ಅಂತ ಕೂಟದವರ ಮುಂದೆ ನನ್ನ ಪರ ನಿಂತವರು ಇವರು, ಆಗ ಯಾರನ್ನೂ ಕೇಳಿರಲಿಲ್ಲ. ಇವತ್ತು ಅಮ್ಮನನ್ನು ಕೇಳಿದರು. ಅವಳು ಹೂಂ ಅಂದಳು ಅಂತ ನಾನು ಈ ಮನೆಯಲ್ಲಿ ಸತ್ಯವಂತೆ. ಪಾಪದ ಮರಿಯಮ್ಮನನ್ನು ಸುಮ್ಮನೆ ಬೈದುಕೊಂಡು ತಿರುಗಿದೆನಲ್ಲ. ನನ್ನ ಸವತಿ ಇಲ್ಲೇ ಇದ್ದಳು, ನನ್ನ ಕೈಯಲ್ಲೇ ದಿನಾ ಹೂ ಮುಡಿಸಿಕೊಂಡು ಕೂತಿದ್ದಳು.

ಅವಳು ಇಲ್ಲ ಅಂತ ಧೈರ್ಯವಾಗಿ ಅನ್ನೋಣ ಅಂದರೆ, ಅವಳ ಮಾತಿನ ಮೇಲೆ ನಿಂತಿದೆ ನನ್ನ ಸಂಸಾರ.

ಹೂ ಮುಡಿದುಕೊಂಡಿದ್ದೇನೆ. ಕತ್ತಿಗೆ ತಣ್ಣಗೆ ತಾಗುತ್ತಿದೆ. ಇವರು ಊಟ ಮಾಡಿ, ಅತ್ತೆಯ ಹತ್ತಿರ ಏನೋ ನಗಾಡುತ್ತಾ ಹೊರಗೆ ಚಪ್ಪಲಿ ಹಾಕಿಕೊಳ್ಳುತ್ತಿದ್ದಾರೆ. ಇನ್ನೇನು ಬಸ್ಸಿಗೆ ಹೊರಡುತ್ತಾರೆ. ಒಂದು ಮಾತು ಕೇಳುವುದಿದೆ. ಈಗ ಕೇಳದಿದ್ದರೆ ಸಾಯುವವರೆಗೂ ಕೇಳುವುದಿಲ್ಲ. ಎದ್ದು ಹೋಗಿ ಕೇಳಿಯೇ ಬಿಡುತ್ತೇನೆ, ರೀ, ಆ ಹೂವು ಎಡಕ್ಕೆ ಬಿದ್ದಿದ್ದರೆ ನನ್ನನ್ನು —